ಕಾಕಾನ ನೊರೆ, ಕಾಕುವಿನ ಮೂಗು

ಮುಂಬಯಿಯ ಮಾಟುಂಗದ ಆ ಬಿಲ್ಡಿಂಗಿಗೆ ನಾವು ಬಾಡಿಗೆಗೆ ಬಂದ ದಿನ, ಸಾಮಾನು ಇನ್ನೂ ಮೆಟ್ಟಿಲ ಮೇಲೆಯೇ ಇರುವಾಗ, ಅರ್ಧ ಮುಖಕ್ಕೆ ಸಾಬೂನು ಹಚ್ಚಿಕೊಂಡ ಗಂಡಸೊಬ್ಬರು ಕೇಳದೆ ಹೇಳದೆ ನನ್ನ ಅಡುಗೆಮನೆಯೊಳಗೆ ಬಂದರು. ಬನಿಯನ್ನು, ಪಟ್ಟೆ ಪೈಜಾಮ, ಕೈಯಲ್ಲಿ ಗಡ್ಡದ ಬ್ರಶ್ಶು. ನಾನು ಆಗಷ್ಟೇ ಗ್ಯಾಸ್ ಸಿಲಿಂಡರಿಗೆ ರೆಗ್ಯುಲೇಟರು ಸಿಕ್ಕಿಸಿ, ಕಾಫಿಗೆ ನೀರಿಡೋಣವೆಂದು ಬೆಂಕಿಪೊಟ್ಟಣ ಹುಡುಕುತ್ತಿದ್ದೆ. "ಕಡ್ಡಿ ಗೀರಬ್ಯಾಡವಾ, ತಡಿ" ಎಂದವರೇ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ತಮ್ಮ ಗಲ್ಲದ ಮೇಲಿನ ನೊರೆಯನ್ನೇ ಬ್ರಶ್ಶಿಗೆ ತೆಗೆದುಕೊಂಡು, ರೆಗ್ಯುಲೇಟರಿನ ಕೊರಳಿಗೂ ರಬ್ಬರು ಪೈಪಿನ ಎರಡೂ ತುದಿಗಳಿಗೂ ಬಳಿದರು. ಆಮೇಲೆ ತಲೆ ಓರೆ ಮಾಡಿಕೊಂಡು ಆ ನೊರೆಯನ್ನೇ ನೋಡುತ್ತ ಕೂತರು. ನಾನೂ ನನ್ನ ಯಜಮಾನರೂ ಮುಖ ಮುಖ ನೋಡಿಕೊಂಡೆವು.

"ಗುಳ್ಳಿ ಏಳಲಿಲ್ಲ. ಸೋರೂದಿಲ್ಲ. ಈಗ ಹಚ್ಚು. ನನಗೂ ಅರ್ಧಾ ಕಪ್ ಇಡು" ಎಂದರು.

ನಾನು ಮೈಸೂರಿನವಳು. ನಮ್ಮ ಕಡೆ ಗುರುತಿಲ್ಲದವರ ಮನೆಗೆ ಹೋದರೆ ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮುವಷ್ಟಾದರೂ ಮರ್ಯಾದೆ ಇಟ್ಟುಕೊಂಡಿರುತ್ತೇವೆ. ನನಗೆ ಮೂಗಿನ ಮೇಲೆ ಸಿಟ್ಟು. "ತಾವು ಯಾರು ಅಂತ ಗೊತ್ತಾಗಲಿಲ್ಲ" ಎಂದೆ, ಆದಷ್ಟು ತಣ್ಣಗೆ. "ಎದುರು ಮನಿಯಾಂವ. ಧಾರವಾಡ ಕಡಿಯಾಂವ. ಗಡ್ಡಾ ಮಾಡಿಕೊಳ್ಳೂ ಮುಂದ ಹಮಾಲ ಸಿಲಿಂಡರ ತಗೊಂಡು ಮ್ಯಾಲ ಬರೂದು ಕಂಡೆ. ಇನ್ನ ಗಡ್ಡಾ ಹೆಂಗ ಮಾಡಿಕೊಳ್ಳಲಿ ಹೇಳು" ಎಂದರು. ಗಡ್ಡಕ್ಕೂ ಸಿಲಿಂಡರಿಗೂ ಏನು ಸಂಬಂಧ ಎಂದು ನನಗೆ ಆಗ ತಿಳಿಯಲಿಲ್ಲ. ಅರ್ಧ ಕಪ್ ಕಾಫಿ ಕುಡಿದು, "ಸಕ್ಕರಿ ಕಡಿಮಿ ಅದ. ಎಲ್ಲಾ ನಿಮ್ಮ ಮಾತಿಗೇ ಹಾಕಿಬಿಟ್ಟೀರಿ ಕಾಣಸ್ತದ" ಎಂದು ನನ್ನ ಮೈಸೂರು ಕನ್ನಡವನ್ನು ಆಡಿಕೊಂಡು ಹೋದರು. ಅವರನ್ನು ಬಿಲ್ಡಿಂಗಿನ ಸಣ್ಣವರು ದೊಡ್ಡವರೆಲ್ಲ ಕಾಕಾ ಅನ್ನುತ್ತಿದ್ದರು. ನಾನೂ ಆ ವಾರವೇ ಕಾಕಾ ಅನ್ನತೊಡಗಿದೆ.

ಕಾಕಾ ಅಂಧೇರಿಯ ಒಂದು ದೊಡ್ಡ ಗ್ಯಾರೇಜಿನಲ್ಲಿ ಸೂಪರ್‌ವೈಸರು. ಎಂಬತ್ತರ ದಶಕವೆಲ್ಲ ಪೆಟ್ರೋಲು ಗಾಡಿಗಳ ಬ್ರೇಕು, ಕ್ಲಚ್ಚು ಎನ್ನುತ್ತ ಅವರ ನೌಕರಿ ನಡೆದಿತ್ತು. ತೊಂಬತ್ತರ ದಶಕ ಶುರುವಾದಾಗ, ಸಮುದ್ರದ ತಳದಿಂದ ಬರುವ ಗ್ಯಾಸಿನಿಂದ ಟ್ಯಾಕ್ಸಿ ಓಡಿಸಿ ನೋಡುವ ಪ್ರಯೋಗ ಊರಿನಲ್ಲಿ ಮೊದಲಾಯಿತು. ಡಿಕ್ಕಿಯಲ್ಲಿ ಒಂದು ಉಕ್ಕಿನ ಸಿಲಿಂಡರು, ಅಲ್ಲಿಂದ ಗಾಡಿಯ ಹೊಟ್ಟೆಯ ಕೆಳಗೆ ಹಾದು ಇಂಜಿನ್ನಿಗೆ ಹೋಗುವ ಸಣ್ಣ ಪೈಪು, ನಡುವೆ ಒಂದಷ್ಟು ವಾಲ್ವುಗಳು. ಗ್ಯಾಸು ತುಂಬಿಸುವ ಜಾಗ ಇಡೀ ಮುಂಬಯಿಗೆ ಒಂದೋ ಎರಡೋ. ಕಾಕಾನ ಗ್ಯಾರೇಜಿನಲ್ಲಿ ಈ ಕಿಟ್ ಕೂರಿಸುತ್ತಿದ್ದರು. ಕೂರಿಸಿದ್ದನ್ನು ಪರೀಕ್ಷೆ ಮಾಡುವುದು, ಓಡುವ ಗಾಡಿಗಳನ್ನು ಆಗಾಗ ಕರೆಸಿ ಮತ್ತೆ ನೋಡುವುದು ಕಾಕಾನ ಕೆಲಸ. ಅದಕ್ಕೇ ಸಾಬೂನು. ಎಲ್ಲೆಲ್ಲಿ ಪೈಪಿಗೆ ಪೈಪು ಕೂಡುತ್ತದೋ ಅಲ್ಲೆಲ್ಲ ನೊರೆ ಹಚ್ಚಬೇಕು, ಸೋರಿದರೆ ಗುಳ್ಳೆ ಏಳುತ್ತದೆ. ಗ್ಯಾರೇಜಿನವರು ಅದಕ್ಕೆಂದೇ ಒಂದು ಸೀಸೆಯಲ್ಲಿ ಸಾಬೂನು ನೀರು ಕೊಟ್ಟಿದ್ದರಂತೆ. ಕಾಕಾನಿಗೆ ಅದು ಸೇರಲಿಲ್ಲ. "ಅದು ನೀರ ನೀರ. ಹಚ್ಚಿದ ಕೂಡಲೆ ಇಳದು ಹೋಗತದ. ಗಡ್ಡದ ನೊರಿ ಗಟ್ಟಿಯಾಗಿ ಕೂಡತದ. ಮತ್ತ ನೊರಿ ಸುಳ್ಳ ಹೇಳೂದಿಲ್ಲ." ಇದು ಅವರು ದಿನಕ್ಕೆ ಹತ್ತು ಸಲ ಹೇಳುವ ಮಾತು. ಬ್ರಶ್ಶು ಎರಡಿದ್ದವು, ಒಂದು ಗಲ್ಲಕ್ಕೆ, ಒಂದು ಗ್ಯಾಸಿಗೆ. ಅವು ಅದಲು ಬದಲಾಗಿ ಗದ್ದಕ್ಕೆ ಗ್ರೀಸು ಹತ್ತಿಸಿಕೊಂಡು ಕೆಲಸಕ್ಕೆ ಹೋದ ದಿನಗಳೂ ಉಂಟು.

ಆ ಕೈ ಸುಮ್ಮನಿರುತ್ತಿರಲಿಲ್ಲ. ನಮ್ಮ ಮನೆಯ ಕುಕ್ಕರಿನ ಮುಚ್ಚಳಕ್ಕೆ ನೊರೆ, ಮಕ್ಕಳ ಸೈಕಲ್ ಟ್ಯೂಬಿಗೆ ನೊರೆ. ಒಂದು ಸಲ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಹಾರ್ಮೋನಿಯಂ ಸ್ವರ ಎಳೆಯುತ್ತಿಲ್ಲ ಎಂದು ಬಾರಿಸುವವರು ಗೊಣಗಿದ್ದೇ ತಡ, ಕಾಕಾ ವೇದಿಕೆ ಹತ್ತಿ ತಿದಿಯ ಮಡಿಕೆಗಳಿಗೆಲ್ಲ ನೊರೆ ಬಳಿದು, ತೂತು ಹುಡುಕಿ, ಅದಕ್ಕೊಂದು ತುಂಡು ಸ್ಟಿಕಿಂಗ್ ಪ್ಲಾಸ್ಟರು ಅಂಟಿಸಿ ಕೆಳಗಿಳಿದರು. ಹಾಡುವ ಹುಡುಗಿಗಿಂತ ಹೆಚ್ಚು ಚಪ್ಪಾಳೆ ಅವರಿಗೇ ಬಿತ್ತು. ಅವರು ಬಾಗಿ ನಮಸ್ಕಾರವನ್ನೂ ಮಾಡಿದರು. ಸಂಕೋಚ ಎಂಬ ಪದಾರ್ಥವನ್ನು ಆ ಮನುಷ್ಯ ಹುಟ್ಟುವಾಗಲೇ ಮರೆತು ಬಂದಿದ್ದರು.

ಭಾನುವಾರ ಬೆಳಿಗ್ಗೆ ನಮ್ಮ ಗಲ್ಲಿಯಲ್ಲಿ ಗ್ಯಾಸಿನ ಟ್ಯಾಕ್ಸಿಗಳು ಬಂದು ನಿಲ್ಲುತ್ತಿದ್ದವು. ಗ್ಯಾರೇಜಿನ ಪರೀಕ್ಷೆ ಬೇರೆ, ಇದು ಕಾಕಾನ ಮನೆಯ ಪರೀಕ್ಷೆ, ಬಿಟ್ಟಿ. ಮೊದಲು ಸಿಲಿಂಡರನ್ನು ಹಿಡಿದಿರುವ ಪಟ್ಟಿಗಳನ್ನು ಎರಡೂ ಕೈಯಿಂದ ಅಲುಗಾಡಿಸಿ ನೋಡುತ್ತಿದ್ದರು. "ಸಿಲಿಂಡರ ಅಂದ್ರ ಮನಿಗೆ ಬಂದ ಅಳಿಯ ಇದ್ದಂಗ. ಛಂದಾಗಿ ಕೂಡಸಬೇಕು, ಜಾಗಾ ಬಿಟ್ಟು ಕದಲಬಾರದು, ಅವನ ಮ್ಯಾಲ ಸಾಮಾನ ಹೇರಬಾರದು" ಎಂದು ಡ್ರೈವರುಗಳಿಗೆ ಹಿಂದಿಯಲ್ಲಿ ಹೇಳುತ್ತಿದ್ದರು. ಅವರ ಹಿಂದಿ ಧಾರವಾಡದ್ದು. ಡ್ರೈವರುಗಳಿಗೆ ಅಳಿಯನ ಮಾತು ಎಷ್ಟು ತಿಳಿಯುತ್ತಿತ್ತೋ, ಪಟ್ಟಿ ಮಾತ್ರ ಬಿಗಿಯಾಗುತ್ತಿತ್ತು. ಆಮೇಲೆ ಗಾಡಿಯ ಕೆಳಗೆ ತೂರಿ ಪೈಪು ಎಲ್ಲಾದರೂ ತಗಡಿಗೆ ಉಜ್ಜುತ್ತಿದೆಯೇ ಎಂದು ನೋಡುವುದು, ಆಮೇಲೆ ನೊರೆ. ಕೊನೆಗೆ ಒಂದು ಸುತ್ತು. ನಿಂತ ಗಾಡಿಯಲ್ಲಿ ಸೋರದ್ದು ಓಡುವ ಗಾಡಿಯಲ್ಲಿ ಕುಲುಕಿ ಸೋರಬಹುದು. ಹಾಗಾಗಿ ಕಾಕಾ ಹಿಂದಿನ ಸೀಟಿನಲ್ಲಿ, ಸಿಲಿಂಡರಿಗೆ ಬೆನ್ನು ಕೊಟ್ಟು ಕೂತು, ನಾಲ್ಕೂ ಕಿಟಕಿಗಳ ಗಾಜು ಏರಿಸಿ, ಗಾಡಿ ಓಡಿಸಲು ಹೇಳುತ್ತಿದ್ದರು. ಗ್ಯಾಸಿಗೆ ಸ್ವಂತದ ವಾಸನೆಯಿಲ್ಲ. ಸೋರಿದರೆ ತಿಳಿಯಲಿ ಎಂದೇ ಅದಕ್ಕೊಂದು ಗಬ್ಬು ವಾಸನೆ ಬೆರೆಸಿರುತ್ತಾರೆ. ಗಾಜು ಮುಚ್ಚಿದ ಗಾಡಿಯಲ್ಲಿ ಆ ವಾಸನೆ ಬಂತೋ, ಸೋರುತ್ತಿದೆ ಎಂದರ್ಥ.

ಇಲ್ಲಿಯೇ ಒಂದು ತೊಂದರೆ ಇತ್ತು. ಕಾಕಾನಿಗೆ ಮೂಗು ಕೆಲಸ ಮಾಡುತ್ತಿರಲಿಲ್ಲ.

ಕಾಕಾ ನಶ್ಯ ಏರಿಸುತ್ತಿದ್ದರು. ಜೇಬಿನಲ್ಲಿ ಹಿತ್ತಾಳೆಯ ಪುಟ್ಟ ಡಬ್ಬಿ. ತಾಸಿಗೊಂದು ಸಲ ಚಿಟಿಕೆ, ಆಮೇಲೆ ಮೂರು ಮಹಡಿಗೂ ಕೇಳುವ ಸೀನು. ಎಷ್ಟೋ ವರ್ಷಗಳ ನಶ್ಯ, ಅದರ ಮೇಲೆ ಗ್ಯಾರೇಜಿನ ಪೆಟ್ರೋಲು ಹೊಗೆ. ಮಲ್ಲಿಗೆಯೂ ಬೆಳ್ಳುಳ್ಳಿಯೂ ಅವರಿಗೆ ಒಂದೇ ಆಗಿತ್ತು. ಸುತ್ತು ಹೊಡೆಯುವಾಗ "ಏನರೆ ವಾಸನಿ ಬರತದೇನೊ?" ಎಂದು ಡ್ರೈವರನ್ನೇ ಕೇಳುತ್ತಿದ್ದರು. ಬೇಗ ಸ್ಟ್ಯಾಂಡಿಗೆ ಹೋಗಬೇಕಿದ್ದ ಡ್ರೈವರು ಇಲ್ಲ ಅನ್ನದೆ ಇನ್ನೇನು ಅಂದಾನು? "ನಿಮಗೆ ಮೂಗೇ ಇಲ್ಲ, ವಾಸನೆ ನೋಡುವ ನೌಕರಿ ಬೇರೆ" ಎಂದು ನಾನು ಒಮ್ಮೆ ಕೆಣಕಿದೆ. "ಮೂಗು ನಶ್ಯಕ್ಕ ಬರದು ಕೊಟ್ಟೇನಿ. ಗ್ಯಾಸಿಗೆ ನೊರಿ ಅದ" ಎಂದು ನಕ್ಕುಬಿಟ್ಟರು.

ದೇವರು ಅವರಿಂದ ಕಸಿದುಕೊಂಡದ್ದನ್ನು ಬಡ್ಡಿ ಸೇರಿಸಿ ಅವರ ಹೆಂಡತಿಗೆ ಕೊಟ್ಟಿದ್ದ. ಕಾಕು ಸಣ್ಣ ಆಳು, ಮಾತು ಕಡಿಮೆ. ಮೂಗು ಮಾತ್ರ ಬಿಲ್ಡಿಂಗಿನ ಎಲ್ಲ ಅಡುಗೆಮನೆಗಳಲ್ಲೂ ಇರುತ್ತಿತ್ತು. ಮೆಟ್ಟಿಲ ಮೇಲೆ ನಿಂತು ಯಾರ ಮನೆಯಲ್ಲಿ ಯಾವ ಪಲ್ಯ ತಳ ಹಿಡಿದಿದೆ ಎಂದು ಹೇಳುವರು. ನಾನು ಫೋರ್ಟಿನ ಬ್ಯಾಂಕಿನ ಕೆಲಸ ಮುಗಿಸಿ ಬಂದು ಬಾಗಿಲು ತಟ್ಟುವಾಗ, "ಇವತ್ತ ಹೋಟೆಲಿನ್ಯಾಗ ಬೋಂಡಾ ತಿಂದಿ" ಎನ್ನುವರು. ಮನೆಯಲ್ಲಿ ಡಬ್ಬಿ ಕಟ್ಟಿಕೊಂಡು ಹೋಗಿ ಹೊರಗೆ ಬೋಂಡಾ ತಿಂದದ್ದು ನಮ್ಮ ಜೊತೆಗಿದ್ದ ಅತ್ತೆಗೆ ಹೀಗೇ ತಿಳಿಯುತ್ತಿತ್ತು. ಎಷ್ಟು ಸಿಟ್ಟು ಬರುತ್ತಿತ್ತು ಎಂದರೆ, ಒಂದು ದಿನ ಮೈಸೂರು ಸ್ಯಾಂಡಲ್ ಪೌಡರು ಮೈತುಂಬ ಸುರಿದುಕೊಂಡು ಬಂದೆ. "ಪೌಡರ್ ಹಚ್ಚೀಯಲ್ಲ, ಎರಡು ತಿಂದಿ ಏನು?" ಎಂದರು.

ಇಂಥ ಕಾಕುವಿಗೆ ಜೀವನದಲ್ಲಿ ಭಯ ಇದ್ದದ್ದು ಒಂದೇ ಒಂದಕ್ಕೆ, ಗ್ಯಾಸಿಗೆ. ಗಂಡ ಗ್ಯಾಸಿನ ಸಾಹೇಬ, ಮನೆಯಲ್ಲಿ ಸೀಮೆಎಣ್ಣೆಯ ಪಂಪ್ ಸ್ಟೋವು. "ಕಾಣೂ ಬೆಂಕಿಗೆ ನಾ ಅಂಜೂದಿಲ್ಲವಾ. ಕಾಣದ ಗಾಳಿಗೆ ಅಂಜತೇನಿ" ಎನ್ನುತ್ತಿದ್ದರು. ಗ್ಯಾಸಿನ ಟ್ಯಾಕ್ಸಿಯಲ್ಲಿ ಕಾಲಿಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು. ಕಾಕಾ ನಗುನಗುತ್ತಲೇ ಇದ್ದರೂ ಇದು ಅವರಿಗೆ ಚುಚ್ಚುತ್ತಿತ್ತು. ಒಮ್ಮೆ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ ಹೇಳಿದರು: "ಲಗ್ನ ಆದಾಗಿಂದ ಗಾಡಿ ರಿಪೇರಿ ಮಾಡಾಕ್ಹತ್ತೇನಿ. ಊರ ಮಂದಿನ್ನೆಲ್ಲ ಗಾಡ್ಯಾಗ ಕೂಡಿಸೇನಿ. ನಮ್ಮಾಕಿ ಮಾತ್ರ ನನ್ನ ಬಾಜೂ ಕೂತು ಒಂದು ಸುತ್ತು ಬಂದಿಲ್ಲ. ಮೊದಲ ಗಾಡಿ ಇರಲಿಲ್ಲ. ಈಗ ಅದಾವ, ಅದರಾಗ ಗ್ಯಾಸ್ ಅದ." ನಾನು ಏನಾದರೂ ತಮಾಷೆ ಮಾಡುವವಳು. ಆ ಹೊತ್ತು ಅವರ ಕಪ್ಪಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ.

ಗಂಡ ಹೆಂಡಿರ ಈ ಜಟಾಪಟಿಯಲ್ಲಿ ಸಿಕ್ಕಿಬಿದ್ದವನು ವಾಸು. ಮಂಗಳೂರಿನ ಕಡೆಯವನು, ಮಾಟುಂಗ ಸ್ಟೇಶನ್ನಿನ ಹೊರಗಿನ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿ ನಿಲ್ಲಿಸುತ್ತಿದ್ದ. ಕಾಕಾನ ಮಾತು ನಂಬಿ ಆ ಸ್ಟ್ಯಾಂಡಿನಲ್ಲಿ ಮೊಟ್ಟಮೊದಲು ಕಿಟ್ ಹಾಕಿಸಿಕೊಂಡವನು ಅವನೇ. ಅವನ ಗಾಡಿಗೆ ಜನ 'ಬಾಂಬ್‌ವಾಲಿ' ಎಂದು ಹೆಸರಿಟ್ಟರು. ಸಾಲಿನಲ್ಲಿ ಅವನ ಸರದಿ ಬಂದರೆ ಹಿಂದಿನ ಟ್ಯಾಕ್ಸಿಗೆ ಹೋಗಿ ಹತ್ತುವರು. ಒಂದು ಸಂಜೆ ನಾನು ಪಾತ್ರೆ ಹಿಂತಿರುಗಿಸಲು ಕಾಕಾನ ಮನೆಗೆ ಹೋದಾಗ ಅವನು ಹೊಸ್ತಿಲಲ್ಲೇ ನಿಂತಿದ್ದ.

"ಎಂತ ಮಾಡುದು ಹೇಳಿ ಕಾಕಾ. ಪೂಜೆಗೆ ಬರುವ ಹೆಂಗಸರು ದೇವಸ್ಥಾನದಲ್ಲಿ ಮಾತಾಡ್ತಾರಂತೆ, ಗ್ಯಾಸ್ ಗಾಡಿ ಪಾಸ್ ಮಾಡುವವರ ಹೆಂಡತಿಯೇ ಕೂತುಕೊಳ್ಳುದಿಲ್ಲ, ಮತ್ತೆ ನಮಗೆ ಎಂತಕ್ಕೆ ಅಂತ. ನಾನು ಕಿಟ್ ತೆಗೆಸಿ ಬಿಡ್ತೇನೆ. ನಿಮಗೆ ಬೇಜಾರಾಗಬಾರದು."

ಕಾಕಾ ಅಡುಗೆಮನೆಯ ಕಡೆ ಮುಖ ಮಾಡಿ, "ಏ ಕೇಳ ಇಲ್ಲೆ. ರವಿವಾರ ಮುಂಜಾನೆ ವಾಸೂನ ಗಾಡ್ಯಾಗ ಗುಡಿಗೆ ಹೋಗಿ ಬರೂಣು. ನೀನೂ, ನಾನೂ" ಎಂದರು. ಸ್ಟೋವಿಗೆ ಪಂಪು ಹೊಡೆಯುವ ಸದ್ದು ನಿಂತಿತು. ಕಾಕು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಮೊದಲು ವಾಸುವಿನ ಮುಖ ನೋಡಿದರು, ಆಮೇಲೆ ಗಂಡನದ್ದು.

"ನನ್ನ ಮೂಗು ಹೂಂ ಅಂದ್ರ ಕೂಡತೇನಿ. ನಿಮ್ಮ ನೊರಿ ಹೂಂ ಅಂದ್ರ ಅಲ್ಲ."

"ಆತು. ನಿನ್ನ ಮೂಗೇ ಹೇಳಲಿ" ಎಂದರು ಕಾಕಾ. ಅವರಿಗೆ ಅಷ್ಟೇ ಸಾಕಾಗಿತ್ತು.

ಭಾನುವಾರ ನಮ್ಮ ಬಿಲ್ಡಿಂಗಿನ ಯಾರೂ ಮನೆಯೊಳಗೆ ಇರಲಿಲ್ಲ. ಸ್ಟ್ಯಾಂಡಿನ ಡ್ರೈವರುಗಳು, ಹೂವಿನವಳು, ಇಡ್ಲಿ ತಿಂದು ಹೋಟೆಲಿನಿಂದ ಬಂದವರು, ಎಲ್ಲ ನಮ್ಮ ಗಲ್ಲಿಯಲ್ಲಿ ನಿಂತ ವಾಸುವಿನ ಗಾಡಿಯ ಸುತ್ತ. ಕಾಕಾ ಹಿಂದಿನ ಸಂಜೆಯೇ ಗಾಡಿಯನ್ನು ತುದಿಯಿಂದ ಬುಡದವರೆಗೆ ಪರೀಕ್ಷೆ ಮಾಡಿ ಮುಗಿಸಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಲ್ಲ ನುಣ್ಣಗೆ ಮಾಡಿಕೊಂಡು, ಮದುವೆಗೆ ಹೊರಟವರ ಹಾಗೆ ಗಾಡಿಯ ಬಾಗಿಲು ತೆರೆದು ಹಿಡಿದು ನಿಂತಿದ್ದರು. ಕಾಕು ಇಳಕಲ್ಲ ಸೀರೆಯುಟ್ಟು, ಹೂ ಮುಡಿದು ಇಳಿದು ಬಂದರು. ತೆರೆದ ಬಾಗಿಲಿನ ಕಡೆ ನೋಡಲೂ ಇಲ್ಲ. ನೆಟ್ಟಗೆ ಗಾಡಿಯ ಹಿಂದಕ್ಕೆ ಹೋಗಿ, "ತಗಿ" ಎಂದರು. ವಾಸು ಡಿಕ್ಕಿ ತೆಗೆದ. ಕಾಕು ಬಗ್ಗಿ ಒಂದು ಉಸಿರು ಎಳೆದುಕೊಂಡರು.

"ವಾಸನಿ ಅದ."

ಕಾಕಾ ನಕ್ಕರು. ಅವರಿಗೆ ಇದು ಮೊದಲೇ ಗೊತ್ತಿದ್ದಂತಿತ್ತು. ಜೇಬಿನಿಂದ ಬ್ರಶ್ಶು, ಸಾಬೂನು ತೆಗೆದು, ಹೋಟೆಲಿನಿಂದ ಒಂದು ಲೋಟ ನೀರು ತರಿಸಿ, ನೊರೆ ಎಬ್ಬಿಸಿ ಪೈಪಿನ ಸಂದುಗಳಿಗೆಲ್ಲ ಮೆತ್ತಿದರು. ಒಂದು ಗುಳ್ಳೆಯೂ ಏಳಲಿಲ್ಲ. "ನೊರಿ ಸುಳ್ಳ ಹೇಳೂದಿಲ್ಲ" ಎಂದರು. "ಹಂಗಾರ ನನ್ನ ಮೂಗು ಸುಳ್ಳ ಹೇಳತದೇನು?" ಎಂದರು ಕಾಕು. ನಾನೂ ಬಗ್ಗಿದೆ. ನಿಜ ಹೇಳಬೇಕೆಂದರೆ ನನಗೂ ಏನೋ ಘಾಟು ಬಡಿಯಿತು. ವಾಸು ಗಾಬರಿಯಾಗಿ ಡಿಕ್ಕಿಯಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕತೊಡಗಿದ. ಸ್ಟೆಪ್ನಿ ಚಕ್ರ ಎತ್ತಿದ. ಅದರ ಕೆಳಗೆ, ಮುಚ್ಚಳ ಕಳಚಿ ಬಿದ್ದಿದ್ದ ಒಂದು ಪುಟ್ಟ ಡಬ್ಬಿ. ಒಳಗೆ ಇಂಗು.

ಎರಡು ದಿನದ ಹಿಂದೆ ಮದುವೆ ಅಡುಗೆಯ ಭಟ್ಟರೊಬ್ಬರು ಸಾಮಾನು ಸಮೇತ ಅವನ ಗಾಡಿಯಲ್ಲಿ ಹೋಗಿದ್ದರಂತೆ, ಅವರ ಚೀಲದಿಂದ ಉರುಳಿ ಬಿದ್ದದ್ದು. ಗ್ಯಾಸಿಗೆ ಬೆರೆಸುವ ವಾಸನೆಯೂ ಗಟ್ಟಿ ಇಂಗಿನ ವಾಸನೆಯೂ ಅಣ್ಣ ತಮ್ಮಂದಿರಂತೆ. ದಕ್ಷಿಣದವರೇ ತುಂಬಿದ ಮಾಟುಂಗದಲ್ಲಲ್ಲದೆ ಇನ್ನೆಲ್ಲಿ ಟ್ಯಾಕ್ಸಿಯ ಡಿಕ್ಕಿಯಲ್ಲಿ ಇಂಗು ಸಿಕ್ಕೀತು? ಇಡೀ ಸ್ಟ್ಯಾಂಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾಕಾನ ಕಣ್ಣಲ್ಲಿ ನೀರೇ ಬಂತು. "ಮಂದಿ ಇದನ್ನ ಬಾಂಬು ಅಂತಾರ. ಇದು ಹುಳಿ ನೋಡಪಾ, ಹುಳಿ" ಎಂದು ವಾಸುವಿನ ಬೆನ್ನು ಚಪ್ಪರಿಸಿ, ಮತ್ತೆ ಹೋಗಿ ಬಾಗಿಲು ಹಿಡಿದು ನಿಂತರು.

ಕಾಕು ಕದಲಲಿಲ್ಲ. ಇಂಗಿನ ಡಬ್ಬಿಯನ್ನು ರಸ್ತೆಯ ಆಚೆಗೆ ಕಳಿಸಿದರು. ಸೆರಗಿನಿಂದ ಡಿಕ್ಕಿಯೊಳಗೆ ಗಾಳಿ ಹಾಕಿದರು. ಇಂಗಿನ ಘಾಟು ಆರುವವರೆಗೆ ಕಾದರು. ಆಮೇಲೆ ಮತ್ತೆ ಬಗ್ಗಿದರು.

"ಇನ್ನೂ ಅದ. ಇದು ಇಂಗಲ್ಲ."

ನಗು ನಿಂತಿತು. ಯಾರೋ ಡ್ರೈವರು, "ಕಾಕೀ, ಬೈಠ್ ಜಾವ್ ನಾ, ಬೇಚಾರೇ ಕಾ ಧಂಧಾ ಹೈ" ಎಂದ, ಪಾಪದವನ ಹೊಟ್ಟೆಪಾಡು, ಕೂತುಬಿಡಿ ಎಂದು. ಹೆಂಗಸಿನ ಹಟ ಎಂದು ಇನ್ಯಾರೋ ಗೊಣಗಿದರು. ವಾಸುವಿನ ಮುಖ ಬಿಳಿಚಿಕೊಂಡಿತ್ತು. ನನಗಂತೂ ಕಾಕುವಿನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅಷ್ಟು ಜನರೆದುರು ಗಂಡನ ಮಾನ ಕಳೆಯಬೇಕೇ, ಹತ್ತಿ ಕೂತು ಒಂದು ಸುತ್ತು ಬಂದರೆ ಇವರ ಗಂಟೇನು ಹೋಗುತ್ತದೆ ಅನ್ನಿಸಿತು. ಕಾಕಾ ಅಭ್ಯಾಸಬಲದಿಂದ ನಶ್ಯದ ಡಬ್ಬಿ ಹೊರಗೆ ತೆಗೆದರು. ಅದನ್ನು ನೋಡಿದರು, ಹೆಂಡತಿಯ ಮುಖ ನೋಡಿದರು. ತೆರೆಯದೆ ಹಾಗೇ ಜೇಬಿಗೆ ಹಾಕಿಕೊಂಡರು.

"ಎಲ್ಲಿ, ತೋರಸು" ಎಂದರು.

ಸಿಲಿಂಡರಿನ ತಲೆಗೆ, ವಾಲ್ವು ಇರುವ ಕಡೆ, ದಪ್ಪ ಪ್ಲಾಸ್ಟಿಕ್ಕಿನ ಚೀಲವೊಂದನ್ನು ಕಟ್ಟಿರುತ್ತಾರೆ. ಕಾಕಾ ಅದನ್ನು ಕೂಸಿನ ಕುಂಚಿಗೆ ಅನ್ನುತ್ತಿದ್ದರು. ವಾಲ್ವಿನ ಹತ್ತಿರ ಸೋರಿದರೂ ಗ್ಯಾಸು ಗಾಡಿಯೊಳಗೆ ಬರದಂತೆ, ಆ ಚೀಲದಿಂದ ಒಂದು ಕೊಳವೆ ನೆಲದ ತೂತಿನ ಮೂಲಕ ಕೆಳಗೆ ಇಳಿದಿರುತ್ತದೆ. ಕಾಕು ಅದನ್ನೇ ಬೆರಳು ಮಾಡಿ ತೋರಿಸಿದರು. "ಇದನ್ನ ಗ್ಯಾರೇಜಿನ್ಯಾಗ ನಾನಽ ನೋಡಿ ಕಟ್ಟಿಸೇನಿ. ಅದಕ್ಕ ನಿನ್ನೆ ಬಿಚ್ಚಲಿಲ್ಲ" ಎನ್ನುತ್ತ ಕಾಕಾ ಕೈ ಹಾಕಿದರು. ಕೊಳವೆ ಕೈಗೇ ಬಂತು. ಸ್ಟೆಪ್ನಿ ಚಕ್ರ ಒತ್ತಿ ಒತ್ತಿ ಅದನ್ನು ತೂತಿನಿಂದ ಹೊರಗೆ ತಳ್ಳಿಬಿಟ್ಟಿತ್ತು. ಕುಂಚಿಗೆ ಬಿಚ್ಚಿದರು. ವಾಲ್ವಿನಿಂದ ಪೈಪು ಹೊರಡುವ ಕಡೆಯ ನಟ್ಟಿಗೆ ನೊರೆ ಹಚ್ಚಿದರು. ನಾವೆಲ್ಲ ಬಗ್ಗಿದೆವು. ಮೊದಲು ಏನೂ ಇಲ್ಲ. ಆಮೇಲೆ ಸಾಸಿವೆಯಷ್ಟು ಒಂದು ಗುಳ್ಳೆ. ಅದು ತೊಗರಿಬೇಳೆಯಷ್ಟಾಗಿ ಒಡೆಯಿತು. ಅದರ ಹಿಂದೆಯೇ ಇನ್ನೊಂದು.

"ಬೀಡಿ ಬುಝಾವ್ ಸಬ್ ಲೋಗ್" ಎಂದು ಬೀಡಿ ಆರಿಸಲು ಹೇಳಿ ಕಾಕಾ ಗುಡುಗಿದ್ದು ಸ್ಟೇಶನ್ನಿನೊಳಗೂ ಕೇಳಿರಬೇಕು. ಎಲ್ಲರನ್ನೂ ದೂರ ಓಡಿಸಿ, ಸಿಲಿಂಡರಿನ ವಾಲ್ವು ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಟ್ಟರು. ತುಂಬಿದ ಪೈಪಿನ ನಟ್ಟಿಗೆ ಸ್ಪ್ಯಾನರು ಹಾಕಬಾರದು ಎಂದು ಅವರೇ ಎಲ್ಲರಿಗೂ ಹೇಳುತ್ತಿದ್ದ ಪಾಠ. ಆಮೇಲೆ ನಟ್ಟು ಬಿಗಿದು, ವಾಲ್ವು ತೆರೆದು, ಮತ್ತೆ ನೊರೆ ಹಚ್ಚಿ ಬಹಳ ಹೊತ್ತು ನೋಡಿದರು. ಕುಂಚಿಗೆ ಕಟ್ಟಿ, ಕೊಳವೆಯನ್ನು ತೂತಿಗೆ ಇಳಿಸಿ ಕ್ಲಿಪ್ಪು ಹಾಕಿದರು. ಎದ್ದು ನಿಂತಾಗ ಇಸ್ತ್ರಿ ಅಂಗಿ ಹಾಳಾಗಿತ್ತು. ಮುಖ ಮಾತ್ರ ಲಾಟರಿ ಹೊಡೆದವರದ್ದು. "ನೋಡ್ರಿ. ನನ್ನ ನೊರಿ ಸೋತದ. ನಾ ಎಲ್ಲಿ ಹಚ್ಚಿಲ್ಲೋ ಅಲ್ಲೇ ನಮ್ಮಾಕಿ ಮೂಗು ಹೋಗಿ ಕೂತದ" ಎಂದು ಸ್ಟ್ಯಾಂಡಿಗೆಲ್ಲ ಕೇಳುವಂತೆ ಸಾರಿದರು. ಹೆಂಡತಿ ತಪ್ಪು ಹಿಡಿದದ್ದನ್ನು ಇಷ್ಟು ಖುಷಿಯಿಂದ ಊರಿಗೆ ಹಂಚಿದ ಗಂಡಸನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಕಾಕು ಮೂರನೆಯ ಸಲ ಬಗ್ಗಿದರು. "ಈಗ ಛಲೋ ಅದ" ಎಂದರು. ಸೀರೆ ಎತ್ತಿ ಹಿಡಿದು ಹಿಂದಿನ ಸೀಟಿಗೆ ಹತ್ತಿ ಕೂತರು. ಕಾಕಾ ಸಂಭ್ರಮದಲ್ಲಿ ಮುಂದೆ, ವಾಸುವಿನ ಪಕ್ಕ ಹೋಗಿ ಕೂರಲು ಹೊರಟರು.

"ಅಲ್ಲೆಲ್ಲಿ ಹೊಂಟ್ರಿ? ಹಿಂದ ಬರ್ರಿ. ಏನರೆ ಆದ್ರ ಇಬ್ಬರಿಗೂ ಆಗಲಿ" ಎಂದರು ಕಾಕು.

ಅಂದಿನಿಂದ ವಾಸುವಿನ ಗಾಡಿ 'ಬಾಂಬ್‌ವಾಲಿ' ಹೋಗಿ 'ಕಾಕೀವಾಲಿ' ಆಯಿತು. ದೇವಸ್ಥಾನದ ಹೆಂಗಸರು ಆ ಗಾಡಿಗೇ ಕಾಯುವಂತಾಯಿತು. ಸೋರಿಕೆ ಸಿಕ್ಕಿದ್ದರಿಂದ ಜನ ಹೆದರಿಯಾರು ಎಂದು ನಾನಂದುಕೊಂಡಿದ್ದೆ. ಆದದ್ದು ಉಲ್ಟಾ, ಹುಡುಕಿ ಸರಿಮಾಡಿ ಆಮೇಲೆ ಆಕೆ ಕೂತರಲ್ಲ, ಅದು ಅವರಿಗೆ ಸಾಕಾಗಿತ್ತು. ಗ್ಯಾರೇಜಿನಲ್ಲೂ ಸೋಮವಾರದಿಂದ ಪ್ರತಿ ಗಾಡಿಯ ಕುಂಚಿಗೆ ಬಿಚ್ಚಿಯೇ ನೋಡಬೇಕು ಎಂದು ಕಾಕಾ ಹಟ ಹಿಡಿದರಂತೆ. ಹುಡುಗರು ಅವರನ್ನು ಬೈದುಕೊಂಡೇ ಬಿಚ್ಚಿದರಂತೆ.

ಭಾನುವಾರದ ಪರೀಕ್ಷೆಗೆ ಈಗ ಹೊಸ ಕ್ರಮ. ಕಾಕಾ ನೊರೆ ಹಚ್ಚಿ ಮುಗಿಸಿದ ಮೇಲೆ ಕಾಕು ಕೆಳಗಿಳಿದು ಬಂದು ಮೂಸುವರು. ಆಮೇಲೆ ಇಬ್ಬರೂ ಹಿಂದಿನ ಸೀಟಿನಲ್ಲಿ ಒತ್ತಾಗಿ ಕೂತು, ಗಾಜು ಏರಿಸಿ, ಒಂದು ಸುತ್ತು. ಮೊದಮೊದಲು ಆ ಸುತ್ತು ಗಲ್ಲಿಯ ತುದಿಯವರೆಗಿತ್ತು. ಬರಬರುತ್ತ ಫೈವ್ ಗಾರ್ಡನ್ನಿಗೆ ಹೋಯಿತು, ದಾದರಿಗೆ ಹೋಯಿತು, ಕೊನೆಗೆ ವರಳಿಯ ಸಮುದ್ರದವರೆಗೂ ಬೆಳೆಯಿತು. "ಭಾಳ ದೂರ ಓಡಿಸಿದ್ರ ಖರೆ ಗೊತ್ತಾಗತದ" ಎಂದು ಕಾಕಾ ಗಂಭೀರವಾಗಿ ವಿವರಿಸುತ್ತಿದ್ದರು. ಮೇ ತಿಂಗಳ ಸೆಕೆಯಲ್ಲಿ ಗಾಜು ಮುಚ್ಚಿದ ಗಾಡಿಯಲ್ಲಿ ಬೆವರಿ ತೊಪ್ಪೆಯಾಗಿ ಇಬ್ಬರೂ ಇಳಿಯುವರು. ಕಾಕುವಿನ ಕೈಯಲ್ಲಿ ಭೇಲ್‌ಪುರಿಯ ಪೊಟ್ಟಣ. ಪರೀಕ್ಷೆಯಲ್ಲಿ ಭೇಲ್‌ಪುರಿ ಎಲ್ಲಿ ಬರುತ್ತದೆ ಎಂದು ನಾನು ಕೇಳಿದರೆ ಕಾಕಾನಿಗೆ ಕಿವಿಯೂ ಕೇಳುತ್ತಿರಲಿಲ್ಲ.

ಹೀಗೇ ಒಂದು ಬೆಳಿಗ್ಗೆ, ನಾನು ಬಾಗಿಲಲ್ಲಿ ಪೇಪರು ಎತ್ತಿಕೊಳ್ಳುತ್ತಿದ್ದೆ. ಕಾಕಾ ಮೆಟ್ಟಿಲಿಳಿಯುತ್ತಿದ್ದವರು ನಿಂತು, "ಒಳಗ ಓಡು, ನಿಮ್ಮ ಹಾಲು ಹೊತ್ತೇದ" ಎಂದರು. ಓಡಿದೆ. ಹೊತ್ತಿತ್ತು. ಒಲೆ ಆರಿಸಿದ ಮೇಲೆ ನನಗೆ ಹೊಳೆಯಿತು. ಹೊರಗೆ ಬಂದು ನೋಡಿದರೆ ಅವರು ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತಿದ್ದಾರೆ.

"ಕಾಕಾ, ನಿಮಗೆ ವಾಸನೆ ಗೊತ್ತಾಗುತ್ತೆ" ಎಂದೆ.

ಅವರು ಬಾಯಿಯ ಮೇಲೆ ಬೆರಳಿಟ್ಟು, ತಮ್ಮ ಮನೆಯ ಬಾಗಿಲಿನ ಕಡೆ ನೋಡಿ, ಜೇಬಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಖಾಲಿ. ವಾಸುವಿನ ಗಾಡಿಯ ದಿನವೇ ನಶ್ಯ ಬಿಟ್ಟರಂತೆ. ಕೆಲವು ತಿಂಗಳ ಮೇಲೆ, ಒಂದು ದಿನ ಕಾಕು ಒಗ್ಗರಣೆ ಹಾಕಿದಾಗ, ಮೂಗು ತಾನಾಗಿ ತೆರೆದುಕೊಂಡಿತಂತೆ. "ನಮ್ಮನಿ ಒಗ್ಗರಣಿ ಇಷ್ಟು ಘಮಘಮ ಇರತದ ಅಂತ ನನಗ ಗೊತ್ತಽ ಇರಲಿಲ್ಲ ತಂಗಿ. ತಾಟಿನ ಮುಂದ ಕೂತು ಅತ್ತುಬಿಟ್ಟೆ. ಖಾರ ಹತ್ತೇದ ಅಂತ ಹೇಳಿದೆ."

"ಹಾಗಾದ್ರೆ ಈ ಸೀನು? ನಿನ್ನೆ ಸಂಜೆಯೂ ಬಿಲ್ಡಿಂಗ್ ಅಲ್ಲಾಡಿತು."

"ಅದು ನಾಟಕ. ನನ್ನ ಮೂಗು ಬಂತು ಅಂತ ತಿಳದ್ರ ಆಕಿ ನಾಳಿಂದ ಗಾಡ್ಯಾಗ ಬರೂದಿಲ್ಲ. ಇನ್ನ ನಿಮ್ಮ ಮೂಗು ಬಂತಲ್ಲಾ, ನಾ ಯಾಕ ಅಂತಾಳ. ನೀ ಹೇಳಬ್ಯಾಡ."

ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ನನ್ನ ಯಜಮಾನರ ದೂರು. ಇದು ನಿಂತಿತು. ಸಂಜೆ ಹೊತ್ತು ಎದುರು ಮನೆಯಿಂದ ಆ ಸುಳ್ಳು ಸೀನು ಕೇಳಿದಾಗೆಲ್ಲ ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ. ಕಾಕಾ ನಿವೃತ್ತರಾದಾಗ ಗ್ಯಾರೇಜಿನವರು ಹಾರ ಹಾಕಿದರೆ, ಅದನ್ನು ತೆಗೆದು ಕಾಕುವಿಗೆ ಹಾಕಿ, "ಮೂಗು ಇಕಿದು, ಪಗಾರ ನಂದು" ಎಂದು ಭಾಷಣ ಮುಗಿಸಿದರು. ನಿವೃತ್ತಿಯಾದ ಮೇಲೂ ಭಾನುವಾರದ ಸುತ್ತು ನಿಲ್ಲಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮೊನ್ನೆ ವರ್ಷಾಂತಿಕ. ದೇವಸ್ಥಾನದ ಹಾಲಿನಲ್ಲಿ ಊಟ ಮುಗಿದ ಮೇಲೆ ಕಾಕುವನ್ನು ಮನೆಗೆ ಕರೆತರಲು ನಾನು ನಿಂತೆ. ವಾಸು ಗಾಡಿ ತಂದಿದ್ದ. ಈಗ ಆ ಸ್ಟ್ಯಾಂಡಿನಲ್ಲಿ ಗ್ಯಾಸಿಲ್ಲದ ಟ್ಯಾಕ್ಸಿಯೇ ಇಲ್ಲ, ಹತ್ತುವವರು ಯಾರೂ ಕೇಳುವುದೂ ಇಲ್ಲ. ಕಾಕು ಹಿಂದಕ್ಕೆ ಹೋದರು. ವಾಸು ಹೇಳಿಸಿಕೊಳ್ಳದೆ ಡಿಕ್ಕಿ ತೆಗೆದ. ಅವರು ಬಗ್ಗಿ ಮೂಸಿ, ತಲೆಯಾಡಿಸಿ ಬಂದು ಕೂತರು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಏನನ್ನೋ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಹಿತ್ತಾಳೆಯ ಡಬ್ಬಿ.

ಇನ್ನು ಹೇಳಿದರೆ ತಪ್ಪಿಲ್ಲ ಎಂದುಕೊಂಡು ನಾನು ಬಾಯಿ ತೆರೆದೆ. "ಕಾಕು, ಕಾಕಾ ನಶ್ಯ ಬಿಟ್ಟಿದ್ರು..."

"ನನಗ ಹೇಳತೀ ಏನು?" ಎಂದರು ಕಾಕು. "ನೀ ಎಲ್ಲೋ ಫೋರ್ಟಿನ್ಯಾಗ ತಿಂದ ಬೋಂಡಾ ನನಗ ಗೊತ್ತಾಗತಿತ್ತು. ಬಾಜೂ ಮಲಗೂ ಗಂಡನ ಮೈಯಾಗ ನಶ್ಯದ ವಾಸನಿ ಇಲ್ಲ ಅಂತ ಗೊತ್ತಾಗೂದಿಲ್ಲೇನು? ಮೊದಲನೇ ದಿನಾನೇ ಗೊತ್ತಾತು. ಅಷ್ಟು ವರ್ಷ ಆ ಮನಷ್ಯಾ ಖಾಲಿ ಡಬ್ಬಿ ಹಿಡಕೊಂಡು ಸುಳ್ಳಽ ಸೀನಿದಾ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಹೇಳಿದ್ರ ರವಿವಾರ ಕರಕೊಂಡ ಹೋಗತಿದ್ರೇನು?"

ವಾಸು ಗಾಡಿ ಚಾಲೂ ಮಾಡಿದ. ನನ್ನ ಕಡೆಯ ಕಿಟಕಿಯಿಂದ ಗಾಳಿ ಬರುತ್ತಿತ್ತು. ಕಾಕು ನನ್ನ ಮೇಲೆ ಹಾಯ್ದು ಕೈ ಚಾಚಿ, ಅದರ ಗಾಜು ಏರಿಸಿದರು. ಆಮೇಲೆ ತಮ್ಮ ಕಡೆಯದನ್ನೂ ಏರಿಸಿ, "ವಾಸು, ಮನಿ ಕಡೆ ಬ್ಯಾಡ. ವರಳಿಗೆ ನಡಿ" ಎಂದರು.